ಕಡಲಹಕ್ಕಿ ನೋಡುವ ಮೊದಲೇ ಸೂರು

— ಮನೆ ಕಟ್ಟೋ ಆಟ ಅಂತೀಯ. ಸಿಮೆಂಟ್ ಎಲ್ಲಿ?

— ಸಿಮೆಂಟ್ ಬೇಕಾಗಲ್ಲ ಮಾವ.

— ಮರಳು?

— ಅದೂ ಬೇಡ.

— ಗಾರೆ ಕೆಲಸದೋರು?

— ಯಾರೂ ಬೇಡ. ನೀವು ಇಲ್ಲಿ ಒಂದು ಸಲ ಒತ್ತಿ, ಮನೆ ತಾನಾಗಿ ಏಳುತ್ತೆ.

— ತಾನಾಗಿ ಏಳೋದು ಹುಳಿಹಿಟ್ಟು ಕಣಯ್ಯ. ಮನೆ ಏಳಲ್ಲ, ಏಳಿಸ್ಬೇಕು.

ಪ್ರೊದ್ರೊಮೊಸ್ ಈ ಮಾತನ್ನು ಹೇಳಿದ್ದು ಒಂದು ಕಮೋಡಿನ ಮೇಲೆ ಕೂತು. ಅದರಲ್ಲಿ ಅವಮರ್ಯಾದೆಯೇನೂ ಇರಲಿಲ್ಲ. ಕವಾಲಾ ಊರಿನ ಬಂದರಿಗೆ ಇಳಿಯುವ ರಸ್ತೆಯಲ್ಲಿ ಅವನದು ಬಚ್ಚಲುಮನೆ ಸಾಮಾನಿನ ಅಂಗಡಿ. ಅಲ್ಲಿ ಕುರ್ಚಿಗಳೇ ಇಲ್ಲ. ಬಂದವರೆಲ್ಲ ಮಾರಾಟಕ್ಕಿಟ್ಟ ಕಮೋಡುಗಳ ಮುಚ್ಚಳದ ಮೇಲೆ ಕೂತು ಕಾಫಿ ಕುಡಿಯಬೇಕು. ಕಾಫಿ ಮುಗಿಯುವಷ್ಟರಲ್ಲಿ ಕೂತವರಿಗೆ ಆ ಕಮೋಡು ತಮ್ಮದೇ ಅನ್ನಿಸಿಬಿಡುತ್ತದೆ ಎಂಬುದು ಅವನ ವ್ಯಾಪಾರದ ಗುಟ್ಟು. ಅವನೆದುರಿಗೆ, ಒಂದು ವಾಶ್‌ಬೇಸಿನ್ನಿಗೆ ಅಡ್ಡ ಹಲಗೆ ಹಾಕಿ, ಅಳಿಯ ಸ್ತಮಾತಿಸ್ ತನ್ನ ಲ್ಯಾಪ್‌ಟಾಪ್ ಇಟ್ಟಿದ್ದ. ಪಕ್ಕದಲ್ಲಿ ಬೆಲೆಚೀಟಿ ನೇತಾಡುವ ಸ್ನಾನದ ತೊಟ್ಟಿಯೊಂದರ ಅಂಚಿನ ಮೇಲೆ ಅತ್ತೆ ಎವಂಥಿಯಾ ಕೂತು ಹಸಿ ಅವರೆಕಾಯಿ ಬಿಡಿಸುತ್ತಿದ್ದಳು. ಕಾಳು ಮಡಿಲಿಗೆ, ಸಿಪ್ಪೆ ತೊಟ್ಟಿಗೆ. ಈಸ್ಟರಿಗೆ ಮೊದಲಿನ ಉಪವಾಸದ ದಿನಗಳು. ಮನೆಯಲ್ಲಿ ಮಾಂಸವಿಲ್ಲ, ಆದ್ದರಿಂದ ಎಲ್ಲರ ನಾಲಿಗೆಯೂ ಸ್ವಲ್ಪ ಹರಿತವಾಗಿತ್ತು.

ಸ್ತಮಾತಿಸ್ ಈ ಒಂದು ಕಂಪ್ಯೂಟರ್ ಆಟವನ್ನು ಮಾಡಲು ಹಿಡಿದು ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಅಥೆನ್ಸಿನ ಒಂದು ಕಂಪನಿಯಲ್ಲಿ ಗುಂಡು ಹಾರಿಸುವ ಆಟಗಳನ್ನು ಮಾಡುತ್ತಿದ್ದ. ಗುಂಡು ತಗುಲಿದವನ ಮೈಯಿಂದ ರಕ್ತ ಹೇಗೆ ಚಿಮ್ಮಬೇಕು ಎಂದು ತಿದ್ದುವುದು ಅವನ ಪಾಲಿನ ಕೆಲಸ. ಒಂದು ದಿನ ಅಡುಗೆಮನೆಯಲ್ಲಿ ಟೊಮ್ಯಾಟೊ ಹೆಚ್ಚುತ್ತಿರುವಾಗ, ಇದರ ರಸ ಸರಿಯಾಗಿ ಚಿಮ್ಮಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಚಾಕು ಕೆಳಗಿಟ್ಟ, ಕೆಲಸ ಬಿಟ್ಟ, ಹೆಂಡತಿ ಮರಿಯಾಂಥಿಯ ಊರಿಗೆ ಬಂದ. ಯಾರಿಗೂ ಏನೂ ಆಗದಂಥ ಒಂದು ಆಟ ಮಾಡಬೇಕೆಂಬುದು ಅಂದಿನಿಂದ ಅವನ ವ್ರತ.

ಮಾವನಿಗೆ ಬೇಕಾಗಿದ್ದದ್ದು ವ್ರತವಲ್ಲ, ಅಂಗಡಿಗೆ ಒಬ್ಬ ಗಂಡಾಳು. ಪ್ರಾಯದಲ್ಲಿ ಗಾರೆ ಕೆಲಸ ಮಾಡಿ ಅವನ ಮೊಣಕಾಲು ಸವೆದಿದ್ದವು. ಪ್ರತಿ ಭಾನುವಾರದ ಊಟದಲ್ಲೂ ಅಂಗಡಿಯ ಮಾತು ಎತ್ತಿ ಎತ್ತಿ ಅವನಿಗೂ ಸಾಕಾಗಿತ್ತು, ಕೇಳಿ ಕೇಳಿ ಅಳಿಯನಿಗೂ ಸಾಕಾಗಿತ್ತು. ಆದ್ದರಿಂದ ಈ ಶನಿವಾರ ಪಣ. ಚರ್ಚಿನ ಮಧ್ಯಾಹ್ನದ ಗಂಟೆ ಬಾರಿಸುವವರೆಗೂ ಪ್ರೊದ್ರೊಮೊಸ್ ಆಟ ಆಡುತ್ತ ಕೂತಿದ್ದರೆ ಅಂಗಡಿಯ ಮಾತನ್ನು ಇನ್ನೆಂದೂ ಎತ್ತುವಂತಿಲ್ಲ. ಬೇಸರವಾಗಿ ನಡುವೆ ಎದ್ದರೆ, ಸೋಮವಾರದಿಂದ ಸ್ತಮಾತಿಸ್ ಅಂಗಡಿಯಲ್ಲಿ ನಿಲ್ಲಬೇಕು. ತೀರ್ಪು ಕೊಡುವ ಪಂಚಾಯಿತಿ ಎವಂಥಿಯಾ. ಪಾದ್ರಿಯ ಉಪದೇಶ ಮುಗಿಯುವವರೆಗೂ ಚರ್ಚಿನಲ್ಲಿ ಕೂರಲಾಗದೆ ಸಿಗರೇಟಿನ ನೆಪದಲ್ಲಿ ಹೊರಗೆ ಹೋಗುವ ಮನುಷ್ಯ ಈ ಮಾವ. ಇಂಥವನ ಮೇಲೆ ಪಣ ಕಟ್ಟಿದ್ದು ಅಳಿಯನ ಧೈರ್ಯವೋ ಹುಂಬತನವೋ ಅವಳಿಗೂ ತಿಳಿಯದು.

— ಒಂದು ಸಲ ಒತ್ತಿ ನೋಡಿ ಮಾವ, ಅಂದ ಸ್ತಮಾತಿಸ್. ಇದರಲ್ಲಿ ಶತ್ರು ಇಲ್ಲ. ಅಂಕ ಇಲ್ಲ. ಸೋಲು ಇಲ್ಲ. ಒಂದು ಕೊಲ್ಲಿ ಇದೆ, ಒಂದು ಗುಡ್ಡ ಇದೆ. ಎಲ್ಲಿ ಮುಟ್ಟಿದರೆ ಅಲ್ಲಿ ಗೋಡೆ ಬರುತ್ತೆ. ಎರಡು ಮನೆ ನಡುವೆ ಜಾಗ ಬಿಟ್ರೆ ಅಲ್ಲಿ ದ್ರಾಕ್ಷಿ ಬಳ್ಳಿ ಹಬ್ಬುತ್ತೆ. ನಿಧಾನಕ್ಕೆ ಸಂಜೆ ಆಗುತ್ತೆ, ಕಿಟಕಿಗಳಲ್ಲಿ ದೀಪ ಹತ್ಕೊಳ್ಳುತ್ತೆ. ಅಷ್ಟೆ. ಅಷ್ಟರಲ್ಲೇ ಮನಸ್ಸು ತಿಳಿಯಾಗುತ್ತೆ ಮಾವ.

ಹೀಗೆ ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದವು. ಆ ದ್ರಾಕ್ಷಿ ಎಲೆಗಳಲ್ಲಿ ಗಾಳಿ ಆಡುವ ಬಗೆಯನ್ನು ನೋಡಲು ಅವನು ಒಂದು ಇಡೀ ಬೇಸಿಗೆ ಚಪ್ಪರದ ಕೆಳಗೆ ಅಂಗಾತ ಮಲಗಿದ್ದ. ನೆರೆಯವರು ಅವನಿಗೆ ಕಾಯಿಲೆಯೆಂದು ಸೂಪು ಕಳಿಸಿದ್ದರು.

ಮಾವ ಕೈಯಲ್ಲಿದ್ದ ಮಣಿಸರವನ್ನು ಒಮ್ಮೆ ಸುತ್ತಿಸಿ ಕೇಳಿದ:

— ಶತ್ರು ಇಲ್ಲ ಅಂದ್ರೆ ಯಾರನ್ನ ಬೈಕೊಂಡು ಕಟ್ಟೋದು?

— ಯಾರನ್ನೂ ಬೈಯೋ ಹಾಗಿಲ್ಲ.

— ಪಕ್ಕದ ಮನೆಯೋನು?

— ಪಕ್ಕದ ಮನೇನೂ ನೀವೇ ಕಟ್ತೀರಿ.

— ಹಾಗಾದ್ರೆ ನಾನೇ ಸರಿ ಇಲ್ಲ ಅಂತಾಯ್ತು, ಅಂದ ಪ್ರೊದ್ರೊಮೊಸ್. ಈ ಜಾಗ ಯಾರದು?

— ಯಾರದೂ ಅಲ್ಲ.

— ಕಡಲ ಮುಂದಿನ ಜಾಗ ಯಾರದೂ ಅಲ್ಲ ಅಂತೀಯ? ಕೇಳಿದ್ಯೇನೇ ಎವಂಥಿಯಾ? ಯಾರದೂ ಅಲ್ಲದ ಜಾಗ ಅಂದ್ರೆ ಯಾವುದೋ ಮಠದ್ದು. ಇವತ್ತು ಗೋಡೆ ಏಳಿಸು, ನಾಳೆ ಸುಲ್ತಾನನ ಕಾಲದ ಪತ್ರ ಹಿಡ್ಕೊಂಡು ಸನ್ಯಾಸಿ ಬರ್ತಾನೆ.

ಎವಂಥಿಯಾ ತಲೆಯೆತ್ತದೆ, ಮಾತಾಡೋದು ಆಟದ ಲೆಕ್ಕಕ್ಕೆ ಬರಲ್ಲ, ಬೆರಳು ಆಡಲಿ ಅಂದಳು. ಮುದುಕ ಬೆರಳು ಒತ್ತಿದ. ಕೊಲ್ಲಿಯ ಅಂಚಿನಲ್ಲಿ ಪುಟ್ಟ ಬಿಳಿ ಮನೆಯೊಂದು ಎದ್ದಿತು. ಇನ್ನೊಮ್ಮೆ ಒತ್ತಿದ, ಮಹಡಿ ಬಂತು, ಅದರ ಮೇಲೆ ಕೆಂಪು ಹೆಂಚಿನ ಸೂರು ತಾನಾಗಿ ಕೂತಿತು. ಮನೆ ಚೆನ್ನಾಗಿತ್ತು. ಅದೇ ಅವನಿಗೆ ಹಿಡಿಸಲಿಲ್ಲ.

— ಕಂಬಿ ಎಲ್ಲಿ?

— ಯಾವ ಕಂಬಿ?

— ಸೂರಿನ ಮೇಲೆ ಬಿಡೋ ಕಂಬಿ ಕಣೋ. ಕಂಬಕ್ಕೆ ನಾಲ್ಕು ನಾಲ್ಕು, ಆಕಾಶ ನೋಡ್ಕೊಂಡು. ಮುಂದಿನ ಮಹಡಿಗೆ.

ಸ್ತಮಾತಿಸ್ ನಕ್ಕ. ಇದರಲ್ಲಿ ಮುಂದಿನ ಮಹಡಿ ಬೇಕೆಂದಾಗ ಬರುತ್ತದೆ, ಕಂಬಿಯ ಅಗತ್ಯವಿಲ್ಲ, ಅಲ್ಲದೆ ಅದು ನೋಡಲು ಚೆನ್ನಾಗಿರುವುದಿಲ್ಲ ಎಂದು ವಿವರಿಸಿದ.

— ಚೆನ್ನಾಗಿರಲ್ಲ ಅಂತೀಯ, ಅಂದ ಮಾವ. ಈ ಊರಲ್ಲಿ ಅದಕ್ಕೆ ಏನಂತಾರೆ ಗೊತ್ತಾ? ಕಾಯೋವು ಅಂತಾರೆ. ಮರಿಯಾಂಥಿ ಹುಟ್ಟಿದ ವರ್ಷ ಬಿಟ್ಟಿದ್ದು ನಮ್ಮ ಮನೆ ಮೇಲಿನ ಕಂಬಿ. ತುಕ್ಕು ಹಿಡಿದಿದೆ, ಬಟ್ಟೆ ಒಣಗಿಸ್ತೀವಿ, ಆದ್ರೂ ಕಾಯ್ತಾ ಇದೆ. ಎಲ್ಲಾ ಮುಗಿದು ಹೆಂಚು ಹೊದ್ದ ಮನೆ ಅಂದ್ರೆ, ಅಲ್ಲಿ ಇನ್ನು ಯಾರೂ ಹುಟ್ಟಲ್ಲ ಅಂತ ಅರ್ಥ. ನನಗೆ ಬೇಡ ಇದು.

ಅವನ ಹಿಂಬದಿ ಮುಚ್ಚಳದಿಂದ ಒಂದು ಗೇಣು ಮೇಲೆದ್ದಿತು. ಸೋಮವಾರದ ಬೆಳಗ್ಗೆ, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು, ಯಾರದೋ ಬಚ್ಚಲಿನ ಕೊಳವೆಯ ಅಗಲವನ್ನು ಕೇಳುತ್ತ ನಿಂತಿರುವ ತನ್ನ ರೂಪ ಸ್ತಮಾತಿಸ್‌ಗೆ ಪರದೆಗಿಂತ ಸ್ಪಷ್ಟವಾಗಿ ಕಂಡಿತು.

— ಎದ್ರಾ ಅತ್ತೆ ಇವರು?

ಎವಂಥಿಯಾ ಅವರೆಕಾಯಿ ಹಿಡಿದ ಕೈಯಿಂದಲೇ ಗಂಡನ ಮೊಣಕಾಲನ್ನು ಅಳೆದು ನೋಡಿ, ಇನ್ನೂ ನೆಟ್ಟಗಾಗಿಲ್ಲ, ಇದು ಬರೀ ಬೆದರಿಕೆ ಎಂದು ತೀರ್ಪು ಕೊಟ್ಟಳು. ಅಷ್ಟರಲ್ಲಿ ಪರದೆಯ ಮೂಲೆಯಿಂದ ಒಂದು ಕಡಲಹಕ್ಕಿ ಹಾರಿ ಬಂದು ಆ ಕೆಂಪು ಸೂರಿನ ತುದಿಯಲ್ಲಿ ಕೂತಿತು. ಕತ್ತು ವಾರೆ ಮಾಡಿತು. ನೋಡಿತು.

ಇಡೀ ಆಟದಲ್ಲಿ ಸ್ತಮಾತಿಸ್‌ಗೆ ಅತಿ ಪ್ರೀತಿಯದು ಈ ಹಕ್ಕಿ. ಅದಕ್ಕೆ ಏನೂ ಕೆಲಸವಿಲ್ಲ. ಆಡುವವನಿಗೆ ಜೊತೆಗೊಂದು ಜೀವ ಇರಲಿ ಎಂದು ಇಟ್ಟದ್ದು.

ಮಾವ ಮೆಲ್ಲಗೆ ಕೂತ. ಮಣಿಸರ ಸುತ್ತುವುದು ನಿಂತಿತು.

— ಇದ್ಯಾರು?

— ಕಡಲಹಕ್ಕಿ ಮಾವ.

— ಹಕ್ಕಿ ಅಂತ ಕಾಣುತ್ತೆ. ನನ್ನ ಮನೇನೇ ಯಾಕೆ ನೋಡ್ತಿದೆ?

— ಅದು ಹಾಗೇನೇ. ಎಲ್ಲಿ ಹೊಸದಾಗಿ ಕಟ್ತಾರೋ ಅಲ್ಲಿಗೆ ಬರುತ್ತೆ.

— ಹೊಸದಾಗಿ ಕಟ್ಟೋ ಕಡೆಗೇ ಬರುತ್ತೆ?

— ಹೌದು. ಸ್ವಲ್ಪ ಹೊತ್ತು ನೋಡಿ ಹಾರಿಹೋಗುತ್ತೆ.

— ಹೋಗಿ ಯಾರಿಗೆ ಹೇಳುತ್ತೆ?

ಆಗ ಸ್ತಮಾತಿಸ್‌ಗೆ ಅರ್ಥವಾಯಿತು. ಮುದುಕ ಹಕ್ಕಿಯನ್ನು ನಗರ ಯೋಜನಾ ಕಚೇರಿಯ ತಪಾಸಣೆಯವನೆಂದು ತಿಳಿದಿದ್ದ. ತಿಳಿಯುವುದರಲ್ಲಿ ತಪ್ಪೂ ಇರಲಿಲ್ಲ. ಹೋದ ವರ್ಷವಷ್ಟೇ ಅವನ ಗೆಳೆಯನೊಬ್ಬನ ಪರವಾನಗಿಯಿಲ್ಲದ ಈಜುಕೊಳವನ್ನು ಒಂದು ಹಾರುವ ಕ್ಯಾಮೆರಾ ಹಿಡಿದುಹಾಕಿತ್ತು. ಅದು ಕೊಳವಲ್ಲ, ದನಕ್ಕೆ ನೀರು ಕುಡಿಸುವ ತೊಟ್ಟಿ ಎಂದು ಆ ಗೆಳೆಯ ವಾದಿಸಿದ್ದ. ಆದರೆ ಚಿತ್ರದಲ್ಲಿ ಅವನ ಹೆಂಡತಿ ಅದರೊಳಗೆ ಈಜುತ್ತಿದ್ದಳು.

ಒಂದೇ ಮಾತು ಸಾಕಿತ್ತು. ಮಾವ, ಅದು ಬರೀ ಹಕ್ಕಿ, ಯಾರಿಗೂ ಏನೂ ಹೇಳುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮೂರು ವರ್ಷದ ವ್ರತ ಆ ಮಾತನ್ನು ಅವನ ನಾಲಿಗೆಯ ತುದಿಗೆ ತಂದಿತು. ಆದರೆ ಮೊಣಕಾಲು ಮಡಚಿ ಮತ್ತೆ ಕಮೋಡಿನ ಮೇಲೆ ಕೂತ ಮಾವನನ್ನು ನೋಡಿದ. ಅವನ ಕಣ್ಣಲ್ಲಿ ಇಷ್ಟು ದಿನ ಕಾಣದ ಬೆಳಕಿತ್ತು.

— ಗೊತ್ತಿಲ್ಲ ಮಾವ, ಅಂದ ಸ್ತಮಾತಿಸ್.

— ಗೊತ್ತಿಲ್ಲ ಅಂದ್ರೆ ಏನು ಅಂತ ನನಗೆ ಗೊತ್ತು. ಸರಿ, ಆ ಕಡೆ ಸರಿ.

ಮುಂದೆ ಆದದ್ದನ್ನು ಆಟ ಅನ್ನಬೇಕೋ ದಾಳಿ ಅನ್ನಬೇಕೋ. ಪ್ರೊದ್ರೊಮೊಸ್ ಅಂಗಿಯ ತೋಳು ಮಡಚಿದ. ಆ ಊರಿನಲ್ಲಿ ಅವನ ತಲೆಮಾರಿನವರಿಗೆ ಮನೆ ಕಟ್ಟುವುದರ ಶಾಸ್ತ್ರ ಒಂದೇ: ಸೂರು ಕೂತ ಮೇಲೆ ಅದು ಮನೆ, ಸೂರು ಕೂರುವ ಮೊದಲು ಅಪರಾಧ. ಕಚೇರಿಯವರು ರಜೆ ಮುಗಿಸಿ ಬರುವಷ್ಟರಲ್ಲಿ ಸೂರು ಹಾಕಿ, ಕಿಟಕಿಗೆ ಪರದೆ ಕಟ್ಟಿ, ಮೆಟ್ಟಿಲಿಗೊಂದು ತುಳಸಿ ಕುಂಡ ಇಟ್ಟುಬಿಟ್ಟರೆ ಕೆಡವಲು ಯಾರ ಕೈಯಲ್ಲೂ ಆಗದು. ಅದೇ ಶಾಸ್ತ್ರವನ್ನು ಅವನು ಪರದೆಯ ಮೇಲೆ ಪ್ರಯೋಗಿಸಿದ. ಹಕ್ಕಿ ಆ ಕಡೆ ಕತ್ತು ತಿರುಗಿಸಿದರೆ ಈ ಕಡೆ ಕೋಣೆ. ಈ ಕಡೆ ತಿರುಗಿಸಿದರೆ ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ಕೂರುವುದು, ದಾರಿಹೋಕನ ಹಾಗೆ. ಒಮ್ಮೆ ಸಿಳ್ಳೆಯನ್ನೂ ಹಾಕಿದ.

— ಸ್ತಮಾತಿ, ಅಜ್ಜಿ ಇಡೋಕೆ ಯಾವ ಬಟನ್ನು?

— ಅಜ್ಜಿ ಯಾಕೆ ಮಾವ?

— ಒಳಗೆ ಒಬ್ಬ ಅಜ್ಜಿ ಮಲಗಿದ್ರೆ ಗೋಡೆಗೆ ಕೈ ಹಾಕಲ್ಲ ಕಣೋ ಅವರು. ಇಷ್ಟೆಲ್ಲಾ ಮಾಡಿದೀಯ, ಒಂದು ಅಜ್ಜಿ ಮಾಡೋಕಾಗಲಿಲ್ವಾ?

— ನಮ್ಮ ಮನೆ ಕಟ್ಟಿದಾಗ ಇವರಮ್ಮನ್ನ ಹಾಗೇ ಮಲಗಿಸಿದ್ದು, ಅಂದಳು ಎವಂಥಿಯಾ, ಕಾಳಿನ ಹುಳ ಆರಿಸುತ್ತ. ಒಂದು ರಾತ್ರಿಗೆ ಅಂದ್ರು. ನನ್ನ ಪ್ರಾಯವೆಲ್ಲಾ ಕಳೆಯೋವರೆಗೂ ಆಕೆ ಏಳಲಿಲ್ಲ.

ಅಜ್ಜಿ ಇಲ್ಲವೆಂದು ಖಚಿತವಾದ ಮೇಲೆ ಮುದುಕ ದನಿ ತಗ್ಗಿಸಿದ.

— ಇದಕ್ಕೆ ಏನಾದ್ರೂ ಕೊಡಬಹುದಾ?

— ಯಾವುದಕ್ಕೆ?

— ಈ ಹಕ್ಕಿಗೆ.

ಸ್ತಮಾತಿಸ್‌ಗೆ ಹಿಗ್ಗಾಯಿತು. ಕಡೆಗೂ ಮಾವನ ಮನಸ್ಸು ಕರಗಿತು, ಹಕ್ಕಿಗೆ ಉಣಿಸುವ ಆಸೆ ಬಂತು ಅಂದುಕೊಂಡ. ನೀರಿಗೆ ತಾಗಿಸಿ ಕಲ್ಲಿನ ಕಟ್ಟೆಯೊಂದನ್ನು ಕಟ್ಟಿದರೆ ದೋಣಿ ಬರುತ್ತದೆ, ದೋಣಿಯವರು ಮೀನಿನ ಬುಟ್ಟಿ ಇಳಿಸುತ್ತಾರೆ, ಹಕ್ಕಿ ಒಂದು ಮೀನು ಕಚ್ಚಿಕೊಂಡು ಹೋಗುತ್ತದೆ ಎಂದು ಉತ್ಸಾಹದಿಂದ ತೋರಿಸಿದ. ಮುದುಕ ಕಟ್ಟೆ ಕಟ್ಟಿದ. ದೋಣಿ ಬಂತು. ಹಕ್ಕಿ ಮೀನು ಕಚ್ಚಿಕೊಂಡು ಕೊಲ್ಲಿಯಾಚೆ ಹಾರಿಹೋಯಿತು.

— ನೋಡ್ದ್ಯಾ? ಅಂದ ಪ್ರೊದ್ರೊಮೊಸ್ ಹೆಂಡತಿಗೆ. ಎಲ್ಲಾ ಕಡೆ ಒಂದೇ. ನಾನು ಈ ಹುಡುಗ ದಡ್ಡ ಅಂದ್ಕೊಂಡಿದ್ದೆ. ಲೋಕಜ್ಞಾನ ಇದೆ.

ಹೀಗೆ ತನ್ನ ಶಾಂತಿಧಾಮದಲ್ಲಿ ಲಂಚದ ಮೊದಲ ವ್ಯವಹಾರ ನಡೆದದ್ದನ್ನು ಸ್ತಮಾತಿಸ್ ನಿಂತು ನೋಡಿದ. ಮೂರು ವರ್ಷ ಅವನು ಆ ಕೊಲ್ಲಿಯಿಂದ ಒಂದೊಂದಾಗಿ ಎಲ್ಲ ಕೇಡನ್ನೂ ಹೆಕ್ಕಿ ಹೊರಗೆ ಹಾಕಿದ್ದ. ಮಾವ ಒಂದೇ ಬೆಳಗ್ಗೆಯಲ್ಲಿ ಅದನ್ನೆಲ್ಲ ಮನೆಯಿಂದ ತಂದುಕೊಂಡಿದ್ದ.

ಅದೇ ಹೊತ್ತಿಗೆ ಅಂಗಡಿಗೆ ಒಂದು ಜೋಡಿ ಬಂತು. ಹೊಸದಾಗಿ ಮದುವೆಯಾದವರು, ಬಚ್ಚಲಿಗೆ ಟೈಲ್ಸ್ ಬೇಕಿತ್ತು, ಬಣ್ಣದ ಮೇಲೆ ಜಗಳವೂ ಆಗಿತ್ತು. ಬಾಗಿಲ ಗಂಟೆ ಸದ್ದಾದರೆ ಸಾಕು ಸ್ನಾನದ ಮಧ್ಯದಿಂದಲೂ ಓಡಿಬರುವ ಪ್ರೊದ್ರೊಮೊಸ್ ಇಂದು ತಲೆ ಎತ್ತಲಿಲ್ಲ.

— ಸ್ತಮಾತಿ, ಅವರನ್ನ ನೋಡ್ಕೋ. ನಾನು ತಾರಸಿ ಮೇಲಿದೀನಿ.

ಪಂಚಾಯಿತಿಯಾದ ಅತ್ತೆಯ ಕಡೆ ನೋಡಿದರೆ ಅವಳೂ ಗದ್ದ ಆಡಿಸಿ, ಹೋಗು ಎಂದಳು. ಸ್ತಮಾತಿಸ್‌ಗೆ ಟೈಲ್ಸಿನ ಬಗ್ಗೆ ಏನೂ ತಿಳಿಯದು. ತಿಳಿದದ್ದನ್ನೇ ಹೇಳಿದ. ಅವಸರವಿಲ್ಲ, ಯಾವುದರ ಪಕ್ಕ ಯಾವುದನ್ನು ಬೇಕಾದರೂ ಇಟ್ಟು ನೋಡಿ, ಇಷ್ಟವಾಗದಿದ್ದರೆ ತೆಗೆಯಿರಿ, ಇಲ್ಲಿ ತಪ್ಪು ಅನ್ನುವುದೇ ಇಲ್ಲ ಎಂದ. ಇಂಥ ಮಾತನ್ನು ಆ ಜೋಡಿಗೆ ಮದುವೆಯ ಸಿದ್ಧತೆ ಶುರುವಾದಾಗಿನಿಂದ ಯಾರೂ ಹೇಳಿರಲಿಲ್ಲ. ಹುಡುಗಿ ಮೊದಲು ನೆಲಕ್ಕೆ ಕೂತಳು, ಆಮೇಲೆ ಹುಡುಗ. ಇಬ್ಬರೂ ಮಕ್ಕಳ ಹಾಗೆ ನೀಲಿ ಬಿಳಿ ತುಂಡುಗಳನ್ನು ಜೋಡಿಸುತ್ತ ಜಗಳ ಮರೆತರು. ಏಳುವಾಗ ಟೈಲ್ಸು, ನಲ್ಲಿ, ಕನ್ನಡಿ, ಕೂತು ನೋಡದ ಕಮೋಡು, ಎಲ್ಲಕ್ಕೂ ಹೂಂ ಅಂದಿದ್ದರು. ಎವಂಥಿಯಾಳ ಕೈಯಲ್ಲಿ ಒಂದು ಅವರೆಕಾಯಿ ಬಿಡಿಸದೆ ಹಾಗೇ ಉಳಿದಿತ್ತು.

ಅವರನ್ನು ಕಳಿಸಿ ಸ್ತಮಾತಿಸ್ ತಿರುಗಿ ಬಂದಾಗ ಪರದೆಯಲ್ಲಿ ಸಂಜೆಯಾಗುತ್ತಿತ್ತು. ಗುಡ್ಡದ ತುಂಬ ಮನೆ. ಒಂದರ ಹೆಗಲ ಮೇಲೊಂದು, ಒಂದರ ಬಾಲ್ಕನಿ ಇನ್ನೊಂದರ ಅಟ್ಟಕ್ಕೆ ಚುಚ್ಚಿಕೊಂಡು, ಊರಿನ ಹಾಗೇ. ಕಿಟಕಿಗಳಲ್ಲಿ ದೀಪ ಒಂದೊಂದಾಗಿ ಹತ್ತತೊಡಗಿದವು. ಮುದುಕ ಕೈ ಕಟ್ಟಿ ಸುಮ್ಮನೆ ನೋಡುತ್ತಿದ್ದ.

— ಇವನ್ನ ಯಾರು ಹಚ್ಚಿದ್ದು?

— ಒಳಗಿರೋರು ಮಾವ.

— ಓಹೋ. ಬಂದುಬಿಟ್ರಾ ಆಗಲೇ, ಅಂದ ಪ್ರೊದ್ರೊಮೊಸ್, ಬಹಳ ಮೆತ್ತಗೆ. ಆ ಮೂಲೆ ಕೋಣೆ ಮರಿಯಾಂಥಿಗೆ ಅಂತ ಕಟ್ಟಿದ್ದು. ಕಡಲ ಕಡೆ ಕಿಟಕಿ ಇಟ್ಟೆ. ನಿಜವಾದ ಮನೆಯಲ್ಲಿ ಆ ಕಡೆ ಆಗಲಿಲ್ಲ, ಬಂಡೆ ಅಡ್ಡ ಬಂತು.

ಚರ್ಚಿನ ಗಂಟೆ ಬಾರಿಸಿತು. ಗೆದ್ದೆ ಎಂದು ಸ್ತಮಾತಿಸ್ ಕುಣಿಯಬೇಕಿತ್ತು. ಆದರೆ ಅವನು ಆ ಮೂಲೆ ಕೋಣೆಯ ದೀಪವನ್ನೇ ನೋಡುತ್ತ ನಿಂತ. ಇಂಥ ಮನುಷ್ಯನಿಗೆ ಮೋಸ ಮಾಡಿ ಗೆಲ್ಲಬಾರದು ಅನ್ನಿಸಿ, ಬಾಯಿಬಿಟ್ಟ.

— ಮಾವ, ಒಂದು ಹೇಳ್ಬೇಕು. ಆ ಹಕ್ಕಿ ಇದೆಯಲ್ಲ, ಅದು ಬರೀ ಹಕ್ಕಿ. ಅದನ್ನ ಮಾಡಿದೋನು ನಾನೇ. ಅದು ಯಾರಿಗೂ ಏನೂ ಹೇಳಲ್ಲ. ನಾನು ಬೇಕಂತಲೇ ಸುಮ್ಮನಿದ್ದೆ. ಪಣ ಬಿಟ್ಟುಬಿಡೋಣ.

ಪ್ರೊದ್ರೊಮೊಸ್ ಅಳಿಯನನ್ನು ಕರುಣೆಯಿಂದ ನೋಡಿದ.

— ಮಾಡಿದೋನಿಗೆ ಎಲ್ಲಾ ಗೊತ್ತಿರುತ್ತಾ? ಈ ಊರಲ್ಲಿ ಅರ್ಧ ಮನೆ ಕಟ್ಟಿದೋನು ನಾನು. ಯಾವ ಮನೆಯಲ್ಲಿ ಯಾರು ಏನು ಮಾಡ್ತಿದಾರೆ ಅಂತ ನನಗೆ ಗೊತ್ತಾ? ನೀನು ಚೆನ್ನಾಗಿ ಮಾಡಿದೀಯ, ಅಷ್ಟು ಸಾಕು. ಮಿಕ್ಕಿದ್ದು ನನಗೆ ಬಿಡು. ಮತ್ತೆ, ಪಣ ಅಂದ್ರೆ ಪಣ. ಅಂಗಡಿ ಅನ್ನೋ ಮಾತು ಇನ್ನು ನನ್ನ ಬಾಯಲ್ಲಿ ಬರಲ್ಲ. ಈಗ ಬೆಳಕಿಗೆ ಅಡ್ಡ ನಿಲ್ಲಬೇಡ.

ಅವನು ಮತ್ತೆ ಪರದೆಗೆ ಬಗ್ಗಿದ. ಊಟಕ್ಕೆ ಏಳು ಅಂದಳು ಎವಂಥಿಯಾ. ಪಕ್ಕದ ಗುಡ್ಡಕ್ಕೆ ತಳಪಾಯ ತೆಗೆದಿದೀನಿ, ಹಕ್ಕಿ ಊಟ ಮುಗಿಸಿ ಬರೋದರೊಳಗೆ ಗೋಡೆ ಏಳ್ಬೇಕು ಅಂದ. ಮಧ್ಯಾಹ್ನದ ಮೇಲೆ ಟೈಲ್ಸಿನ ಲಾರಿ ಬರುತ್ತೆ ಅಂದಳು. ಬರಲಿ ಅಂದ. ಅವಳು ಸ್ವಲ್ಪ ಹೊತ್ತು ಗಂಡನ ಬೆನ್ನನ್ನು ನೋಡಿದಳು. ಮದುವೆಯಾದಂದಿನಿಂದ ಅವಳು ಆ ಬೆನ್ನು ಒಂದೇ ಕಡೆ ಇಷ್ಟು ಹೊತ್ತು ಇದ್ದದ್ದನ್ನು ಕಂಡಿರಲಿಲ್ಲ. ಆಮೇಲೆ ಮಡಿಲ ಕಾಳನ್ನು ಪಾತ್ರೆಗೆ ಸುರಿದು, ಎದ್ದು, ಮೊಳೆಗೆ ತಗುಲಿಸಿದ್ದ ಅಂಗಡಿಯ ಬೀಗದ ಕೈಯನ್ನು ತೆಗೆದು ಅಳಿಯನ ಅಂಗೈಯಲ್ಲಿಟ್ಟಳು.

— ಅತ್ತೆ, ಪಣ ಗೆದ್ದದ್ದು ನಾನು.

— ಗೆದ್ದೆ ಕಣಪ್ಪ, ಯಾರು ಇಲ್ಲ ಅಂದ್ರು? ಅಂಗಡಿ ಮಾತು ಎತ್ತಲ್ಲ ಅಂತ ಒಪ್ಪಿದೋರು ನಿಮ್ಮ ಮಾವ. ಅವರು ಎತ್ತಿಲ್ಲ. ನಾನು ಪಂಚಾಯಿತಿ, ನನಗೆ ಯಾವ ಪಣಾನೂ ಇರಲಿಲ್ಲ. ಅವರು ಅಲ್ಲಿ ಕೂತುಬಿಟ್ರೆ ಇಲ್ಲಿ ಯಾರು ನಿಲ್ಲೋದು? ಆ ಹುಡುಗಿ ಬೇರೆ ಹೋಗ್ತಾ ಹೇಳಿದಾಳೆ, ಸೋಮವಾರ ಅವಳ ಅಕ್ಕನ್ನೂ ಕರ್ಕೊಂಡು ಬರ್ತಾಳಂತೆ. ಆ ನಿಧಾನದ ಅಣ್ಣ ಇರ್ತಾರಲ್ವಾ ಅಂತ ಕೇಳಿದ್ಲು.

ಸ್ತಮಾತಿಸ್ ಅಂಗೈಯಲ್ಲಿದ್ದ ಬೀಗದ ಕೈಯನ್ನು ನೋಡಿದ, ಮಾವನ ಬೆನ್ನನ್ನು ನೋಡಿದ. ಪರದೆಯಲ್ಲಿ ಬೆಳಗಾಗಿತ್ತು.

— ಎಷ್ಟು ದಿನ ಅತ್ತೆ?

— ಬಹಳ ಏನಿಲ್ಲ. ನಿಮ್ಮ ಮಾವ ಆ ಆಟ ಮುಗಿಸಿ ಏಳೋವರೆಗೆ.

ತನ್ನ ಆಟದ ಬಗ್ಗೆ ಕಂಡಕಂಡವರಿಗೆಲ್ಲ ಸ್ತಮಾತಿಸ್ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದ ಒಂದು ಮಾತಿತ್ತು. ಈಗ ಅದು ಅವನ ಬಾಯಿಂದ ಬಹಳ ಸಣ್ಣ ದನಿಯಲ್ಲಿ ಹೊರಟಿತು.

— ಅತ್ತೆ, ಅದು ಮುಗಿಯೋ ಆಟ ಅಲ್ಲ.